ಪತ್ತು ನಮ್ಮದಿರಲಿ, ಇನಾಮಿನ ಮೋಹ ಬೇಡ

ಪತ್ತು ಎಂಬುದು ನಮ್ಮ ಸೀಮೆಯ ಹಳೆಯ ಮಾತು. 'ಅವನಿಗೆ ಊರಾಗ ಪತ್ತು ಐತಿ' ಎಂದರೆ ಅವನ ಗಂಟಿನಲ್ಲಿ ರೊಕ್ಕ ಇದೆಯೆಂದು ಅರ್ಥವಲ್ಲ. ಅವನ ಮಾತಿಗೆ ಬೆಲೆಯಿದೆ, ಅಡಚಣೆಯಲ್ಲಿ ಕೇಳಿದರೆ ನಾಲ್ಕು ಮಂದಿ ಇಲ್ಲವೆನ್ನದೆ ಕೊಡುತ್ತಾರೆ ಎಂದು ಅರ್ಥ. ಕೈಯಲ್ಲಿ ಕಾಸಿಲ್ಲದ ಬಡವನಿಗೂ ಪತ್ತು ಇದ್ದೀತು. ಮಾಳಿಗೆ ಮನೆಯ ಸಾಹುಕಾರನಿಗೂ ಇಲ್ಲದಿದ್ದೀತು. ಇಂದು ಆ ಪತ್ತು ಮೂರು ಅಂಕಿಗಳ ಒಂದು ಸಂಖ್ಯೆಯಾಗಿ ಕುಳಿತಿದೆ. ಮಗಳ ಕಾಲೇಜಿಗೆಂದೋ, ಮನೆಯ ತಗಡು ತೆಗೆದು ಹಂಚು ಹಾಕಬೇಕೆಂದೋ ಬ್ಯಾಂಕಿನ ಮೆಟ್ಟಿಲು ಹತ್ತಿದವನಿಗೆ ಎದುರಾಗುವ ಪ್ರಶ್ನೆ ಒಂದೇ: 'ಸಿಬಿಲ್ ಎಷ್ಟಿದೆ?'

ಈ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಮಾತು ನಮ್ಮ ಊರುಗಳಲ್ಲಿ ಹರಡಿದೆ. 'ಸಿಬಿಲ್ ಚಲೋ ಆಗಬೇಕಾದರೆ ಕ್ರೆಡಿಟ್ ಕಾರ್ಡು ತಗೋ. ಖರ್ಚು ಮಾಡಿದಷ್ಟೂ ಪಾಯಿಂಟು, ಕ್ಯಾಶ್‌ಬ್ಯಾಕು ಎಂದು ಇನಾಮೂ ಸಿಗುತ್ತದೆ' ಎಂಬುದೇ ಆ ಮಾತು. ಈ ಮಾತಿನಲ್ಲಿ ಅರ್ಧ ನಿಜವಿದೆ. ಅರ್ಧ ನಿಜವು ಪೂರ್ಣ ಸುಳ್ಳಿಗಿಂತ ಹೆಚ್ಚು ಮನೆಗಳನ್ನು ಹಾಳು ಮಾಡುತ್ತದೆ. ಆದುದರಿಂದ ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ತಾಲೂಕುಗಳ ಗಿರಣಿ ಕಾರ್ಮಿಕ ಬಂಧುಗಳೂ ಸಣ್ಣ ವ್ಯಾಪಾರಸ್ಥರೂ ಈ ವಿಷಯವನ್ನು ಲೆಕ್ಕ ಹಾಕಿ ತಿಳಿದುಕೊಳ್ಳುವುದು ಅವಶ್ಯ. ಕಾರ್ಡನ್ನು ದೆವ್ವವೆಂದು ಹೆದರಬೇಕಾಗಿಲ್ಲ. ದೇವರೆಂದು ಕೈ ಮುಗಿಯಬೇಕಾಗಿಯೂ ಇಲ್ಲ.

ಸಾಲದ ಸುಖದುಃಖಗಳನ್ನು ಕುರಿತು ಸರ್ವಜ್ಞ ಹೇಳಿದ ಮಾತು ನಮ್ಮಲ್ಲಿ ಬಹಳ ಮಂದಿಗೆ ಬಾಯಿಪಾಠ. ಆತನ ಹೆಸರನ್ನು ಹಿರೇಕೆರೂರ ಸೀಮೆಯ ಅಬಲೂರು, ಮಾಸೂರುಗಳೊಂದಿಗೆ ಜೋಡಿಸಿ ಹೆಮ್ಮೆಪಡುವವರು ನಾವು. ಆದರೆ ಆತನ ಕಾಲದ ಸಾಲಗಾರನಿಗೆ ಸಾಲ ಕೊಟ್ಟವನ ಮುಖವಾದರೂ ಕಾಣುತ್ತಿತ್ತು. ಇಂದಿನವನಿಗೆ ಅದೂ ಇಲ್ಲ.

ಮೊದಲು ಹಳೆಯ ಪತ್ತಿನ ಕಥೆಯನ್ನು ನೋಡೋಣ. ಅದು ದೂರದ್ದಲ್ಲ, ನಮ್ಮ ನೆರೆಯದೇ. 1875ರಲ್ಲಿ ಪುಣೆ, ಅಹಮದನಗರ ಕಡೆಯ ರೈತರು ಸಾವಕಾರರ ಮನೆಗಳಿಗೆ ನುಗ್ಗಿ ಸಾಲದ ಪತ್ರಗಳನ್ನು ಸುಟ್ಟರು. ಬಡ್ಡಿಯ ಬೆಂಕಿಗೆ ಜನ ಕೊಟ್ಟ ಉತ್ತರ ಅದು. ಕಾನೂನುಗಳು ಬಂದವು, ಹೋದವು. ಕೊನೆಗೆ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದಿತು. ಮರುವರ್ಷವೇ, ಅಂದರೆ 1905ರಲ್ಲಿ, ಆಗಿನ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ಹುಟ್ಟಿತು. ದೇಶದ ಸಹಕಾರ ಚಳವಳಿಯ ಇತಿಹಾಸದ ಮೊದಲ ಪುಟಗಳಲ್ಲೇ ಆ ಹಳ್ಳಿಯ ಹೆಸರಿದೆ.

ಆ ಕಾಲದ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆ ಅಪರಿಮಿತವಾಗಿತ್ತು. ಒಬ್ಬನು ತೀರಿಸದಿದ್ದರೆ ಆ ಭಾರ ಎಲ್ಲರ ಹೆಗಲ ಮೇಲೆ. ಆದುದರಿಂದ ಸಾಲ ಕೊಡುವ ಮುನ್ನ ನೆರೆಹೊರೆಯವರೇ ತೂಗಿ ನೋಡುತ್ತಿದ್ದರು: ಇವನು ದುಡಿಯುವವನೋ, ಕುಡಿಯುವವನೋ, ಬೀಜಕ್ಕೆ ಕೇಳುತ್ತಾನೋ, ಬಡಿವಾರಕ್ಕೆ ಕೇಳುತ್ತಾನೋ. ಆ ತೂಕದಲ್ಲಿ ಜಾತಿಯ, ಗೌಡಿಕೆಯ, ಕುಲಕರ್ಣಿಕೆಯ ಪಕ್ಷಪಾತ ನುಸುಳುತ್ತಿರಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ತಕ್ಕಡಿ ಊರಿನೊಳಗೇ ಇತ್ತು. ತಪ್ಪು ತೂಗಿದರೆ ಎದ್ದು ನಿಂತು ಕೇಳಬಹುದಿತ್ತು.

ಹೊಸ ಪತ್ತಿನ ತಕ್ಕಡಿ ಊರಿನಲ್ಲಿಲ್ಲ. 2000ದಲ್ಲಿ ಸಿಬಿಲ್ ಎಂಬ ಕಂಪನಿ ಸ್ಥಾಪನೆಯಾಯಿತು. 2005ರಲ್ಲಿ ಸಾಲ ಮಾಹಿತಿ ಕಂಪನಿಗಳ ಕಾಯ್ದೆ ಬಂದಿತು. ಇಂದು ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಎಂಬ ನಾಲ್ಕು ಕಂಪನಿಗಳು ಈ ಕೆಲಸ ಮಾಡುತ್ತವೆ. ಬ್ಯಾಂಕುಗಳು, ಸಹಕಾರಿ ಬ್ಯಾಂಕುಗಳು, ಫೈನಾನ್ಸ್ ಕಂಪನಿಗಳು ತಮ್ಮ ಸಾಲಗಾರರ ವಿವರವನ್ನು ಇವರಿಗೆ ಕಳಿಸಬೇಕು. 2025ರ ಜನವರಿಯಿಂದ ಕನಿಷ್ಠ ಹದಿನೈದು ದಿನಕ್ಕೊಮ್ಮೆ ಕಳಿಸಬೇಕೆಂದು ನಿಯಮವಾಯಿತು. ಆ ವಿವರದಿಂದ 300ರಿಂದ 900ರವರೆಗಿನ ಒಂದು ಅಂಕ ಹುಟ್ಟುತ್ತದೆ. 750ರ ಮೇಲಿದ್ದರೆ ಚಲೋ ಪತ್ತು ಎಂದು ಸಾಮಾನ್ಯವಾಗಿ ಎಣಿಸುತ್ತಾರೆ.

ಈ ಅಂಕ ಏನನ್ನು ನೋಡುತ್ತದೆ? ಕಂತುಗಳನ್ನು ವೇಳೆಗೆ ಸರಿಯಾಗಿ ಕಟ್ಟಿದ್ದೀರಾ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡುತ್ತದೆ. ಕಾರ್ಡಿನ ಮಿತಿಯಲ್ಲಿ ಎಷ್ಟು ಪಾಲು ಬಳಸಿದ್ದೀರಿ, ಖಾತೆ ಎಷ್ಟು ಹಳೆಯದು, ಇತ್ತೀಚೆಗೆ ಎಷ್ಟು ಕಡೆ ಸಾಲಕ್ಕೆ ಅರ್ಜಿ ಹಾಕಿದ್ದೀರಿ, ಒತ್ತೆಯಿರುವ ಸಾಲ ಎಷ್ಟು, ಒತ್ತೆಯಿಲ್ಲದ್ದು ಎಷ್ಟು ಎಂಬುದನ್ನು ಆಮೇಲೆ ನೋಡುತ್ತದೆ. ಏನನ್ನು ನೋಡುವುದಿಲ್ಲ? ಸವಣೂರಿನ ಎಲೆ ವ್ಯಾಪಾರಿ ಮೂವತ್ತು ವರ್ಷ ತೋಟದವರ ಬಾಕಿಯನ್ನು ಮಾತಿಗೆ ತಪ್ಪದೆ ಮುಟ್ಟಿಸಿದ್ದರೆ ಅದು ಅಲ್ಲಿ ಬರೆದಿಲ್ಲ. ಹಾನಗಲ್ಲಿನ ಅಕ್ಕಿ ಗಿರಣಿಯ ಹಮಾಲ ಕಿರಾಣಿ ಅಂಗಡಿಯ ಉದ್ದರಿಯನ್ನು ಪಗಾರದ ದಿನವೇ ಚುಕ್ತಾ ಮಾಡುತ್ತಿದ್ದರೆ ಅದೂ ಬರೆದಿಲ್ಲ. ಓಣಿಯ ಹೆಣ್ಣುಮಕ್ಕಳ ಭಿಶಿಯ ಲೆಕ್ಕ ಬರೆದಿಲ್ಲ. ಎಂದೂ ಸಾಲ ಮಾಡದೆ ಬದುಕಿದವನ ಹೆಸರಿನ ಮುಂದೆ ಅಂಕವೇ ಇರುವುದಿಲ್ಲ. ಸಾಲ ಮಾಡದಿರುವುದೇ ಕೊರತೆಯೆನಿಸಿಕೊಳ್ಳುವ ವಿಚಿತ್ರ ಕಾಲವಿದು. ಮೊದಲ ಬಾರಿಗೆ ಸಾಲ ಕೇಳುವವನ ಅರ್ಜಿಯನ್ನು ಹಿಂದಿನ ದಾಖಲೆಯಿಲ್ಲವೆಂಬ ಒಂದೇ ಕಾರಣಕ್ಕೆ ತಳ್ಳಿಹಾಕಬಾರದೆಂದು 2025ರ ಆಗಸ್ಟದಲ್ಲಿ ಕೇಂದ್ರ ಸರಕಾರ ಲೋಕಸಭೆಗೆ ತಿಳಿಸಿದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಬ್ಯಾಂಕಿನವರು ಮರೆತಿದ್ದರೆ ನೆನಪು ಮಾಡಿಕೊಡಿ.

ಇಲ್ಲಿಯೇ ಕ್ರೆಡಿಟ್ ಕಾರ್ಡು ಬಾಗಿಲು ತಟ್ಟುತ್ತದೆ. ದಾಖಲೆ ಇಲ್ಲದವನಿಗೆ ದಾಖಲೆ ಹುಟ್ಟಿಸಲು ಅದು ಒಂದು ಸಾಧನ ಎಂಬುದು ನಿಜ. ಅದರ ಕೆಲಸವನ್ನು ನಮ್ಮ ಮಾತಿನಲ್ಲಿ ಹೇಳಬಹುದು: ಅದು ಬ್ಯಾಂಕಿನ ಉದ್ದರಿ ಖಾತೆ. ತಿಂಗಳಿಡೀ ಮಾಲು ತೆಗೆದುಕೊಂಡು, ಬಿಲ್ಲು ಬಂದ ಮೇಲೆ ಗೊತ್ತಾದ ದಿನದೊಳಗೆ ಪೂರ್ತಿ ಚುಕ್ತಾ ಮಾಡಿದರೆ ಬಡ್ಡಿ ಇಲ್ಲ. ಬಿಲ್ಲು ಪ್ರತಿ ತಿಂಗಳ 5ಕ್ಕೆ ಆಗಿ, ಕಟ್ಟುವ ಕೊನೆಯ ದಿನ 25 ಎಂದಿರಲಿ. 6ನೆಯ ತಾರೀಖು ಕೊಂಡ ಮಾಲಿಗೆ ಸುಮಾರು ಐವತ್ತು ದಿನ ಬಿಟ್ಟಿ ವಾಯಿದೆ ಸಿಕ್ಕಿತು. 4ನೆಯ ತಾರೀಖು ಕೊಂಡದ್ದಕ್ಕೆ ಸಿಕ್ಕಿದ್ದು ಇಪ್ಪತ್ತೊಂದೇ ದಿನ. ಇಷ್ಟು ತಿಳಿದವನು ಕಾರ್ಡನ್ನು ಆಳಾಗಿ ದುಡಿಸಿಕೊಳ್ಳಬಲ್ಲನು.

ಇನ್ನು ಇನಾಮಿನ ಮಾತು. ಇನಾಮು ಎಂದರೇನೆಂದು ಈ ಸೀಮೆಯ ಜನರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ದೊರೆ ಇನಾಮು ಕೊಟ್ಟನೆಂದು ಶಾಸನ ಬರೆಸುತ್ತಿದ್ದರು. ಆದರೆ ಕಾಳು ಬರುತ್ತಿದ್ದುದು ದೊರೆಯ ಕಣಜದಿಂದಲ್ಲ, ಉತ್ತವನ ಕಣದಿಂದ. ಕಾರ್ಡಿನ ಇನಾಮೂ ಹಾಗೆಯೇ. ಬ್ಯಾಂಕು ಅದನ್ನು ತನ್ನ ಗಂಟಿನಿಂದ ಕೊಡುವುದಿಲ್ಲ. ಮೂರು ಕಡೆಯಿಂದ ಅದಕ್ಕೆ ಆದಾಯ ಬರುತ್ತದೆ.

ಮೊದಲನೆಯದು ಅಂಗಡಿಯವನಿಂದ. ಕಾರ್ಡು ಉಜ್ಜಿ 1,000 ರೂಪಾಯಿ ಮಾಲು ಮಾರಿದ ವರ್ತಕನಿಗೆ ಶೇಕಡಾ 2ರಂತೆ ಶುಲ್ಕ ಹಿಡಿದರೆ 20 ರೂಪಾಯಿ ಹೋಗುತ್ತದೆ. ಕೈಗೆ ಬರುವುದು 980 ರೂಪಾಯಿ. ಕಿರಾಣಿ ಮಾಲಿನ ಲಾಭವೇ ಹಿಡಿಯಷ್ಟು. ಅದರಲ್ಲಿ ಚಿಟಿಕೆ ತೆಗೆದು ಗಿರಾಕಿಗೆ ಇನಾಮೆಂದು ಹಂಚುತ್ತಾರೆ. ವರ್ತಕನು ಆ ನಷ್ಟವನ್ನು ಧಾರಣೆಗೆ ಸೇರಿಸಿದರೆ ರೊಕ್ಕ ಎಣಿಸಿ ಕೊಡುವ ಕೂಲಿಕಾರಳೂ ಅದನ್ನು ಹೊರುತ್ತಾಳೆ. ಕಾರ್ಡು ಇಲ್ಲದವಳ ಕಿಸೆಯಿಂದ ಕಾರ್ಡು ಇದ್ದವನಿಗೆ ಇನಾಮು!

ಎರಡನೆಯದು ವಾರ್ಷಿಕ ಶುಲ್ಕ, ತಡದ ದಂಡ ಮೊದಲಾದವುಗಳಿಂದ. ಮೂರನೆಯದೇ ದೊಡ್ಡ ಹೊಂಡ: ಬಾಕಿ ಉಳಿಸಿದವನ ಬಡ್ಡಿ. ಇದರ ಲೆಕ್ಕವನ್ನು ಪ್ರತಿಯೊಬ್ಬನೂ ಕಾಗದದ ಮೇಲೆ ಮಾಡಿ ನೋಡಲಿ. ತಿಂಗಳಿಗೆ 10,000 ರೂಪಾಯಿ ಕಾರ್ಡಿನಲ್ಲಿ ಖರ್ಚು ಮಾಡಿದರೆ ಶೇಕಡಾ 1ರ ಇನಾಮು 100 ರೂಪಾಯಿ. ಅದೇ ಕಾರ್ಡಿನಲ್ಲಿ 20,000 ರೂಪಾಯಿ ಬಾಕಿ ಉಳಿಯಿತು ಎನ್ನಿ. ತಿಂಗಳಿಗೆ ಶೇಕಡಾ 3.5ರಂತೆ ಬಡ್ಡಿ 700 ರೂಪಾಯಿ, ಬಡ್ಡಿಯ ಮೇಲೆ ಜಿಎಸ್‌ಟಿ 126 ರೂಪಾಯಿ, ಒಟ್ಟು 826. ಬಿಲ್ಲಿನಲ್ಲಿ 'ಕನಿಷ್ಠ ಪಾವತಿ' ಎಂದು 1,000 ರೂಪಾಯಿ ತೋರಿಸಿದ್ದಾರೆ. ಅದನ್ನು ಕಟ್ಟಿ ನಿಶ್ಚಿಂತೆಯಿಂದ ಮಲಗಿದವನ ಅಸಲಿನಲ್ಲಿ ಕಡಿಮೆಯಾದದ್ದು 174 ರೂಪಾಯಿ ಮಾತ್ರ! ಮುಂದೆ ಒಂದು ಪೈಸೆಯ ಖರೀದಿ ಮಾಡದೆ ತಿಂಗಳಿಗೆ 1,000ದಂತೆ ಕಟ್ಟುತ್ತ ಹೋದರೆ ಮೂರೂವರೆ ವರ್ಷ ದಾಟಿ 44ನೆಯ ತಿಂಗಳಲ್ಲಿ ಸಾಲ ತೀರುತ್ತದೆ. ಅಷ್ಟರಲ್ಲಿ ಕಟ್ಟಿದ ಮೊತ್ತ 43,000 ರೂಪಾಯಿಗೂ ಮೇಲೆ. ಇನಾಮು ಒಂದು ನೂರು, ದಂಡ ಇಪ್ಪತ್ಮೂರು ಸಾವಿರ. ಇದನ್ನು ವ್ಯಾಪಾರವೆಂದು ಯಾರು ಕರೆದಾರು?

ತಿಂಗಳಿಗೆ ಮೂರೂವರೆ ಎಂದರೆ ವರ್ಷಕ್ಕೆ ಶೇಕಡಾ 42. ಊರಿನ ಬಡ್ಡಿ ಸಾವಕಾರ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಕೇಳಿದರೆ ನಾವು ಅವನನ್ನು ರಕ್ತ ಹೀರುವವನೆಂದು ಬಯ್ಯುತ್ತೇವೆ. ಹೊಳೆಯುವ ಕಾರ್ಡಿನ ಮೇಲೆ ಮೂರೂವರೆ ಕೇಳಿದರೆ ಸೌಕರ್ಯವೆನ್ನುತ್ತೇವೆ. ವರ್ಷಕ್ಕೆ ಶೇಕಡಾ 30ಕ್ಕೆ ಮೀರಿ ಕಾರ್ಡಿನ ಬಡ್ಡಿ ಹಾಕುವುದು ಅನುಚಿತ ವ್ಯಾಪಾರವೆಂದು 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ತೀರ್ಪು ಕೊಟ್ಟಿತ್ತು. 2024ರ ಡಿಸೆಂಬರ 20ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿತು. ಅಲ್ಲಿಗೆ ಆ ಬೇಲಿಯೂ ಹೋಯಿತು. ಇನ್ನು ಮಿತಿ ಹಾಕಬೇಕಾದುದು ರಿಜರ್ವ್ ಬ್ಯಾಂಕು. ಅಲ್ಲಿಯವರೆಗೆ ನಮ್ಮ ಬೇಲಿಯನ್ನು ನಾವೇ ಕಟ್ಟಿಕೊಳ್ಳಬೇಕು.

ಕಾರ್ಡು ಹಂಚುವವರ ಚಾಳಿ ಹೊಸದಲ್ಲ. 1958ರಲ್ಲಿ ಅಮೆರಿಕದ ಫ್ರೆಸ್ನೋ ಎಂಬ ಪಟ್ಟಣದಲ್ಲಿ ಬ್ಯಾಂಕ್ ಆಫ್ ಅಮೆರಿಕವು ಸುಮಾರು 60,000 ಕಾರ್ಡುಗಳನ್ನು ಯಾರೂ ಕೇಳದೆಯೇ ಅಂಚೆಯಲ್ಲಿ ಮನೆಮನೆಗೆ ಕಳಿಸಿತು. ಮೊದಲು ಸಾಲ ಕೈಗಿಡುವುದು, ಆಮೇಲೆ ಆಸೆ ಹುಟ್ಟಿಸುವುದು. ನಮ್ಮಲ್ಲಿ ರಿಜರ್ವ್ ಬ್ಯಾಂಕು 2022ರ ನಿಯಮಗಳಿಂದ ಇದನ್ನು ನಿಷೇಧಿಸಿದೆ. ಒಪ್ಪಿಗೆಯಿಲ್ಲದೆ ಕಾರ್ಡು ಕೊಟ್ಟು ಬಿಲ್ಲು ಹಾಕಿದರೆ ಆ ಮೊತ್ತವನ್ನು ಹಿಂತೆಗೆದುಕೊಂಡು ಅದರ ಎರಡು ಪಟ್ಟು ದಂಡ ತೆರಬೇಕು. ಬಾಕಿ ಇಲ್ಲದ ಕಾರ್ಡನ್ನು ಮುಚ್ಚಲು ಕೇಳಿದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ಗಿರಾಕಿಗೆ ಕೊಡಬೇಕು. ಕೊನೆಯ ದಿನ ಕಳೆದು ಮೂರು ದಿನಕ್ಕಿಂತ ಹೆಚ್ಚಾದ ಮೇಲೆಯೇ ತಡದ ದಂಡ ಹಾಕಬಹುದು. ಈ ನಿಯಮಗಳು ಪುಸ್ತಕದಲ್ಲಿ ಮಲಗಿದ್ದರೆ ಪ್ರಯೋಜನವಿಲ್ಲ. ಕೇಳುವವನಿಗೇ ಕಾನೂನು.

ಹಾಗಾದರೆ ದುಡಿಯುವವನು ಏನು ಮಾಡಬೇಕು? ಪತ್ತು ಕಟ್ಟಿಕೊಳ್ಳುವ ದಾರಿ ಸರಳವಾಗಿದೆ.

ಒಂದು: ಪಗಾರದ ಮೇಲೆ ಕಾರ್ಡು ಸಿಗದವನು ಬ್ಯಾಂಕಿನಲ್ಲಿ ಹತ್ತಿಪ್ಪತ್ತು ಸಾವಿರ ಮುದ್ದತಿ ಠೇವು ಇಟ್ಟು ಅದರ ಆಧಾರದ ಮೇಲೆ ಕಾರ್ಡು ಕೇಳಬಹುದು. ಠೇವಿಗೆ ಬಡ್ಡಿಯೂ ಬರುತ್ತದೆ, ದಾಖಲೆಯೂ ಬೆಳೆಯುತ್ತದೆ. ಒಂದೇ ಕಾರ್ಡು ಸಾಕು. ನಾಲ್ಕು ಕಡೆ ಅರ್ಜಿ ಹಾಕಿದರೆ ನಾಲ್ಕು ವಿಚಾರಣೆ ದಾಖಲಾಗಿ ಅಂಕ ಇಳಿಯಬಹುದು. ವಾರ್ಷಿಕ ಶುಲ್ಕವಿಲ್ಲದ್ದನ್ನೇ ಆರಿಸಬೇಕು. ಇನಾಮು ಹೆಚ್ಚೆಂದು ಶುಲ್ಕದ ಕಾರ್ಡು ಹಿಡಿಯುವುದು ಹಗ್ಗಕ್ಕಾಗಿ ಎತ್ತು ಕೊಂಡಂತೆ.

ಎರಡು: ಹೇಗೂ ಮಾಡಲೇಬೇಕಾದ ಖರ್ಚನ್ನು ಮಾತ್ರ ಅದರಲ್ಲಿ ಮಾಡಬೇಕು: ರೇಷನ್ನು, ವಿದ್ಯುತ್ ಬಿಲ್ಲು, ಗಾಡಿಯ ಪೆಟ್ರೋಲು. ರೊಕ್ಕ ಕೈಯಲ್ಲಿ ಇಲ್ಲದ್ದಕ್ಕೆ ಕಾರ್ಡು ಬಳಸಬಾರದು. ಇದ್ದ ರೊಕ್ಕಕ್ಕೆ ವಾಯಿದೆ ಪಡೆಯಲು ಬಳಸಬೇಕು. ಮಿತಿ 20,000 ಇದ್ದರೆ 6,000ದೊಳಗೆ ನಿಲ್ಲುವುದು ಅಂಕಕ್ಕೂ ಚಲೋ, ಮನೆಗೂ ಚಲೋ.

ಮೂರು: ಪ್ರತಿ ತಿಂಗಳೂ ಪೂರ್ಣ ಬಾಕಿ ಕಟ್ಟಬೇಕು. 'ಕನಿಷ್ಠ ಪಾವತಿ' ಎಂಬ ಸಾಲನ್ನು ಬಿಲ್ಲಿನಲ್ಲಿ ಕಂಡೂ ಕಾಣದಂತೆ ಬಿಡಬೇಕು. ಉಳಿತಾಯ ಖಾತೆಯಿಂದ ಪೂರ್ಣ ಬಾಕಿ ತಾನಾಗಿ ಸಂದಾಯವಾಗುವಂತೆ ಬ್ಯಾಂಕಿಗೆ ಬರೆದುಕೊಟ್ಟರೆ ಮರೆವಿನ ಭಯವಿಲ್ಲ. ಬಾಕಿ ಉಳಿಸಿಕೊಂಡರೆ ಅಂಕ ಏರುತ್ತದೆಂದು ಹೇಳುವವರಿದ್ದಾರೆ. ಅದು ಶುದ್ಧ ಸುಳ್ಳು. ಪತ್ತು ಬೆಳೆಯುವುದು ಬಡ್ಡಿ ಕೊಟ್ಟದ್ದಕ್ಕಲ್ಲ, ವೇಳೆಗೆ ಕೊಟ್ಟದ್ದಕ್ಕೆ.

ನಾಲ್ಕು: ಕಾರ್ಡಿನಿಂದ ನಗದು ತೆಗೆಯಬಾರದು. ಅದಕ್ಕೆ ಸಾಮಾನ್ಯವಾಗಿ ಒಂದು ದಿನದ ವಾಯಿದೆಯೂ ಇಲ್ಲ. ತೆಗೆದಾಗಲೇ ಶುಲ್ಕ, ಆ ದಿನದಿಂದಲೇ ಬಡ್ಡಿ. ಕಮಿಷನ್ ಹಿಡಿದು ಸುಳ್ಳು ಬಿಲ್ಲಿನ ಮೇಲೆ ಕಾರ್ಡು ಉಜ್ಜಿ ರೊಕ್ಕ ಕೊಡುವವರ ಬಳಿ ಹೋಗುವುದಂತೂ ಹೊಂಡದಿಂದ ಬಾವಿಗೆ ಬಿದ್ದಂತೆ.

ಐದು: ಗೆಳೆಯನ ಸಾಲಕ್ಕೆ ಜಾಮೀನು ಸಹಿ ಹಾಕುವಾಗ ಎರಡು ಸಲ ಯೋಚಿಸಬೇಕು. ಅವನು ತಪ್ಪಿದರೆ ಆ ಕಪ್ಪು ನಿಮ್ಮ ವರದಿಯಲ್ಲೂ ಬೀಳುತ್ತದೆ. ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆ ಕೊಡಲೇಬೇಕು, ತರಿಸಿ ಓದಬೇಕು. ತೀರಿದ ಸಾಲವನ್ನು ಬಾಕಿಯೆಂದು ತೋರಿಸಿದ್ದರೆ ದೂರು ಕೊಡಬೇಕು. 30 ದಿನಗಳಲ್ಲಿ ತೀರ್ಮಾನವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮ್ಮ ಹಕ್ಕು. ಅಲ್ಲಿಯೂ ನ್ಯಾಯ ಸಿಗದಿದ್ದರೆ ರಿಜರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ.

ಸಣ್ಣ ವ್ಯಾಪಾರಸ್ಥ ಮಿತ್ರರಿಗೂ ಎರಡು ಮಾತು. ಸಾದಾ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿನ ಪಾವತಿಗೆ 2020ರ ಜನವರಿಯಿಂದ ವರ್ತಕನ ಮೇಲೆ ಶುಲ್ಕವಿಲ್ಲ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನೂ ಯುಪಿಐಗೆ ಜೋಡಿಸಲು ಅವಕಾಶವಾಯಿತು. ಸಣ್ಣ ವರ್ತಕರಿಗೆ 2,000 ರೂಪಾಯಿವರೆಗಿನ ಇಂಥ ಪಾವತಿಗೆ ಶುಲ್ಕವಿಲ್ಲವೆಂದು ಆಗಲೇ ಗೊತ್ತುಮಾಡಲಾಯಿತು. ನಿಮ್ಮ ಖಾತೆಗೆ ಜಮೆಯಾದ ಮೊತ್ತವನ್ನು ಕಿರ್ದಿಯ ಮಾರಾಟದೊಂದಿಗೆ ತಾಳೆ ನೋಡಿರಿ. ಎಲ್ಲಿ ಎಷ್ಟು ಹಿಡಿದಿದ್ದಾರೆಂದು ಬ್ಯಾಂಕನ್ನು ಕೇಳಿರಿ. ಗಿರಾಕಿಯ ಮೇಲೆ ಸಿಟ್ಟಾಗುವುದರಿಂದ ಪ್ರಯೋಜನವಿಲ್ಲ. ಅವನೂ ನೀವೂ ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲಿದ್ದೀರಿ. ಹಿಡಿದವನ ಕೈ ಬೇರೆ.

ಇದೆಲ್ಲ ಬರಿಯ ಉಳಿತಾಯದ ಉಪದೇಶವೆಂದು ಯಾರೂ ತಿಳಿಯಬಾರದು. 2025ರ ಜನವರಿಯಲ್ಲಿ ನಮ್ಮ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ತಾಳಲಾರದೆ ಮಾಂಗಲ್ಯವನ್ನು ಅಂಚೆಯಲ್ಲಿ ಮುಖ್ಯಮಂತ್ರಿಗಳಿಗೆ ಕಳಿಸಿ ರಕ್ಷಣೆ ಬೇಡಿದುದನ್ನು ನಾಡು ಕಂಡಿದೆ. ಮರುತಿಂಗಳು ರಾಜ್ಯ ಸರಕಾರ ಸುಗ್ರೀವಾಜ್ಞೆ ತಂದು ಬಲಾತ್ಕಾರದ ವಸೂಲಿಗೆ ಹತ್ತು ವರ್ಷದವರೆಗೆ ಸೆರೆಮನೆ, ಐದು ಲಕ್ಷದವರೆಗೆ ದಂಡ ಗೊತ್ತುಮಾಡಿತು. ಸಾಲ ಸುಲಭವಾಗಿ ಒಳಗೆ ಬರುತ್ತದೆ. ಹೊರಗೆ ಹೋಗುವಾಗ ಮನೆಯ ಮಾನವನ್ನೂ ಎಳೆದೊಯ್ಯುತ್ತದೆ. ವಾರದ ಕಂತಿನ ಸಾಲಕ್ಕೆ ಗುಂಪಿನ ಸಭೆಯಾದರೂ ಇದೆ. ಕಾರ್ಡಿನ ಸಾಲಗಾರ ಒಂಟಿ. ಅವನ ಸಂಕಟ ಓಣಿಗೆ ತಿಳಿಯುವುದು ವಸೂಲಿಯವರು ಬಂದ ಮೇಲೆಯೇ. ಬೆಳಿಗ್ಗೆ 8ರ ಮುಂಚೆ, ಸಂಜೆ 7ರ ನಂತರ ವಸೂಲಿಗಾಗಿ ಫೋನು ಮಾಡಬಾರದೆಂದು ರಿಜರ್ವ್ ಬ್ಯಾಂಕಿನ ಆದೇಶವಿದೆ. ಅದನ್ನು ಮೀರಿದವರ ವಿರುದ್ಧ ದೂರು ಕೊಡಲು ನಾಚಬೇಕಾಗಿಲ್ಲ. ಸಾಲವಿರುವುದು ಅಪರಾಧವಲ್ಲ.

ಆದರೆ ಒಬ್ಬೊಬ್ಬನ ಎಚ್ಚರಿಕೆಯೊಂದೇ ಸಾಲದು. ಕಾರ್ಡಿನ ಕರಾರು ಮತ್ತು ಬಿಲ್ಲು ಕನ್ನಡದಲ್ಲಿ ಬರಬೇಕು. ಸಹಿ ಹಾಕುವವನಿಗೆ ಓದಲಾಗದ ಕಾಗದ ಕರಾರೇ ಅಲ್ಲ. ಬಡ್ಡಿಗೆ ಕಾನೂನಿನ ಮೇಲ್ಮಿತಿ ಬೇಕು. ಸಣ್ಣ ಅಂಗಡಿಯ ಮೇಲಿನ ಕಾರ್ಡು ಶುಲ್ಕ ಇಳಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಊರ ಪತ್ತಿನ ಸಂಘದಲ್ಲಿ ವರ್ಷಗಟ್ಟಲೆ ತಪ್ಪದೆ ಕಂತು ಕಟ್ಟಿದ ಸದಸ್ಯನ ದಾಖಲೆಗೆ ದೊಡ್ಡ ಬ್ಯಾಂಕಿನ ಬಾಗಿಲಲ್ಲಿ ಬೆಲೆ ಸಿಗಬೇಕು. ಅದಕ್ಕೆ ಮೊದಲು ಆ ಸಂಘಗಳ ಲೆಕ್ಕ ಕನ್ನಡಿಯಂತೆ ಇರಬೇಕು; ಆ ಜವಾಬ್ದಾರಿ ಸದಸ್ಯರದು. ವಾರ್ಷಿಕ ಸಭೆಗೆ ಚಹಾಕ್ಕೆ ಮಾತ್ರ ಹೋಗಿ ಬರುವ ರೂಢಿ ನಿಲ್ಲಲಿ.

ನೂರಾ ಇಪ್ಪತ್ತು ವರ್ಷಗಳ ಹಿಂದೆ ಕಣಗಿನಹಾಳದ ರೈತರು ಸಾವಕಾರನ ಪತ್ತನ್ನು ಕಾಯುತ್ತ ಕೂಡಲಿಲ್ಲ. ತಮ್ಮ ಪತ್ತನ್ನು ತಾವೇ ಕಟ್ಟಿಕೊಂಡರು. ಇಂದಿನ ಕಾರ್ಮಿಕನೂ ವರ್ತಕನೂ ಮೂರು ಅಂಕಿಯ ಈ ಹೊಸ ಪತ್ತನ್ನು ಕಟ್ಟಿಕೊಳ್ಳಲಿ, ಕಾರ್ಡು ಅದಕ್ಕೆ ಒದಗಿದರೆ ಒದಗಲಿ. ವೇಳೆಗೆ ಪೂರ್ತಿ ಚುಕ್ತಾ ಮಾಡಿದವನಿಗೆ ನೂರು ರೂಪಾಯಿಯ ಇನಾಮು ಬಂದರೆ ಬೇಡವೆನ್ನಬೇಕಾಗಿಲ್ಲ. ಆದರೆ ಇನಾಮಿಗಾಗಿ ಒಂದು ರೂಪಾಯಿಯನ್ನೂ ಹೆಚ್ಚು ಖರ್ಚು ಮಾಡಬಾರದು, ಒಂದು ದಿನವೂ ಬಾಕಿ ಉಳಿಸಬಾರದು.